ತುಲಾಮಳೆಯ ಸಿಡಿಲಿಗೆ ಕನ್ನಡ ಬೇಡವೇ?

ಕಾಸರಗೋಡಿನಲ್ಲಿ ಮಳೆಗಾಲವೆಂದರೆ ಜೂನ್, ಜುಲೈ ಎಂದೇ ಎಲ್ಲರ ಲೆಕ್ಕ. ಆಗ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ. ಆದರೆ ಗಡಿನಾಡಿನ ಕನ್ನಡ ಮಾಧ್ಯಮ ಅಧ್ಯಾಪಕರಾದ ನಮಗೆ ಹೆಚ್ಚು ಭಯ ಅಕ್ಟೋಬರ್, ನವೆಂಬರಿನ ತುಲಾಮಳೆಯದು. ಬೆಳಿಗ್ಗೆ ಚೊಕ್ಕ ಬಿಸಿಲು. ಊಟದ ಹೊತ್ತಿಗೆ ಸೆಕೆ. ಶಾಲೆ ಬಿಡುವ ನಾಲ್ಕು ಗಂಟೆಗೆ ಸರಿಯಾಗಿ ಗುಡುಗು! ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಸಿಡಿಲಿನ ಸಾಧ್ಯತೆ ಹೆಚ್ಚೆಂದು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಎಚ್ಚರಿಸುತ್ತದೆ. ಕೇರಳ ಸರಕಾರ ಸಿಡಿಲನ್ನು ರಾಜ್ಯದ ವಿಶೇಷ ದುರಂತಗಳ ಪಟ್ಟಿಗೂ ಸೇರಿಸಿದೆ.

ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ? ಪದವಿನಲ್ಲಿ. ಮರವಿಲ್ಲದ ಬೋಳು ಮುರಕಲ್ಲಿನ ಬಯಲಿನಲ್ಲಿ ನಡೆಯುವ ಮಗುವೇ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು. ಮನೆ ಸೇರಿದರೆ ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. "ಮಳೆ ಬಂತು, ಬೇಗ ರಾಶಿ ಮಾಡು ಮಗಾ" ಎಂದು ಗುಡುಗಿನ ನಡುವೆ ಮಗುವನ್ನು ಅಂಗಳಕ್ಕಿಳಿಸುವವರು ಹೆತ್ತವರೇ. ಅಡಿಕೆಗೆ ಬೆಲೆಯಿದೆ, ಒಪ್ಪೋಣ. ಒದ್ದೆಯಾದ ಅಡಿಕೆ ನಾಳೆ ಒಣಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಮನೆಯಲ್ಲಿ ತುಳುವಿನ 'ತೆಡಿಲ್', ಶಾಲೆಯಲ್ಲಿ ಕನ್ನಡದ 'ಸಿಡಿಲು', ನಮ್ಮ ಫೋನುಗಳಿಗೆ ಬಂದು ಬೀಳುವುದು ಮಲಯಾಳದ 'ಇಡಿಮಿನ್ನಲ್'. 'ಮಞ್ಞ ಅಲರ್ಟ್' ಎಂದರೆ ಹಳದಿ ಎಚ್ಚರಿಕೆ. ಆದರೆ 'ಮಞ್ಞ' ಎಂಬುದು ಕನ್ನಡದ ಮಗುವಿನ ಕಿವಿಗೆ 'ಮಂಜು'! ಸಿಡಿಲಿನ ದಿನ ಮಂಜು ಬೀಳುತ್ತದೆಂದು ತಿಳಿದರೆ ತಪ್ಪು ಮಗುವಿನದೇ?

"ನಿಮಗೆಲ್ಲ ಮಲಯಾಳ ಬರುತ್ತದಲ್ಲ?" ಎಂದು ಕೇಳುವವರಿದ್ದಾರೆ. ಪೇಟೆಯಲ್ಲಿ ಮಾತಾಡುವಷ್ಟು ಬರುತ್ತದೆ. ಅಕ್ಷರ ಬಾರದ ಅಜ್ಜಿಯಂದಿರು, ಕನ್ನಡದಲ್ಲೇ ಕಲಿತ ಅಮ್ಮಂದಿರು ಲಿಪಿ ಓದಬೇಡವೇ? ಮಗು ಶಾಲೆಯಿಂದ ಬರುವಾಗ ಮನೆಯಲ್ಲಿರುವವರು ಅವರೇ. ಜೀವದ ಎಚ್ಚರಿಕೆಯನ್ನು ಊಹಿಸಿ ಅರ್ಥ ಮಾಡಿಕೊಳ್ಳಿ ಎನ್ನುವುದು ಯಾವ ನ್ಯಾಯ?

ಮಲಯಾಳದ ಮೇಲೆ ನಮಗೆ ಜಗಳವಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಅರ್ಜಿಗೆ ಸಿಗುವ ಮರ್ಯಾದೆ ಸಿಡಿಲಿನ ಸೂಚನೆಗೆ ಸಿಗಬಾರದೇ? ಕನ್ನಡದ ಹೆಸರಿನಲ್ಲಿ ಮನವಿ ಬರೆಯುವ ಹಿರಿಯರೇ, ಈ ಬಾರಿ ನವೆಂಬರ್ 1ರ ಸಮಾರಂಭಕ್ಕೆ ಹಾರ, ಶಾಲುಗಳ ಜೊತೆಗೆ ಇದನ್ನೂ ಮೊದಲ ಬೇಡಿಕೆಯಾಗಿ ತನ್ನಿ. ಆ ದಿನ ಬರುವುದು ತುಲಾಮಳೆಯ ನಡುವೆಯೇ.

ಎಚ್ಚರಿಕೆ ಕನ್ನಡದಲ್ಲಿ ಬರುವವರೆಗೆ ತರಗತಿಯಲ್ಲಿ ನಾವು ಹೇಳುತ್ತಿರುವುದು ಇಷ್ಟು. ಮಿಂಚು ಕಂಡೊಡನೆ ಎಣಿಸಲು ಶುರು ಮಾಡಿ. ಗುಡುಗಿನ ಸದ್ದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಬರುತ್ತದೆ. ಮೂವತ್ತು ಎಣಿಸುವುದರೊಳಗೆ ಕೇಳಿತೋ, ಸಿಡಿಲು 10 ಕಿ.ಮೀ. ಒಳಗಿದೆ, ಹತ್ತಿರದ ಮನೆಗೆ ನುಗ್ಗಿ, ಗುರುತಿಲ್ಲದವರ ಮನೆಯಾದರೂ ಸರಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯದೆ ಹೊರಬೀಳಬೇಡಿ. ಒಂಟಿ ಮರದಡಿ ನಿಲ್ಲಲೇಬೇಡಿ. ಚಾರ್ಜರ್ ಕೀಳುವುದಾದರೆ ಗುಡುಗು ಹತ್ತಿರ ಬರುವ ಮೊದಲೇ ಕೀಳಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಲು ಹೆದರಿ ದೂರ ನಿಂತರೆ ಉಳಿಯಬಹುದಾದ ಜೀವವೂ ಹೋಗುತ್ತದೆ. ಉಸಿರು ನಿಂತಿದ್ದರೆ ದೊಡ್ಡವರು ಎದೆ ಒತ್ತುತ್ತಿರಬೇಕು, ಮಕ್ಕಳು 108ಕ್ಕೆ ಕರೆ ಮಾಡಬೇಕು.

ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಅದಕ್ಕೇ ಬೀಳುತ್ತದೆಂದು ನಂಬುವ ಹಿರಿಯರು ಇನ್ನೂ ಇದ್ದಾರೆ. ಕತ್ತಿ ಎಸೆಯಲು ಹೊರಗೆ ಹೋಗುವವರ ಗತಿಯೇನು? ಅರ್ಜುನನ ಹತ್ತು ಹೆಸರು ಹೇಳುವವರು ಹೇಳಲಿ, ನಮ್ಮ ಅಡ್ಡಿಯಿಲ್ಲ, ಬಾಗಿಲು ಹಾಕಿ ಒಳಗೆ ಕುಳಿತು ಹೇಳಲಿ.

ರಕ್ಷಕರೇ, ಮುಂದಿನ ಪಿಟಿಎ ಸಭೆಯಲ್ಲಿ ಎರಡು ಮಾತು ಕೇಳಿ: ಸಂಜೆ ಗುಡುಗಿದರೆ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಳ್ಳುವವರು ಯಾರು? ಪಂಚಾಯತಿನ ಸೂಚನೆ ಕನ್ನಡದಲ್ಲಿ ಬರುವುದು ಯಾವಾಗ? ಉತ್ತರವನ್ನು ಸಭೆಯ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಕನ್ನಡದಲ್ಲೇ.