ಮೆದುಳಿನ ಗಡ್ಡೆಗೆ ‘ಕರೆಂಟ್’ ಕೊಟ್ಟರೆ ಮತ್ತೊಂದು ಕ್ಯಾನ್ಸರ್ ಬರುತ್ತದೆಯೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಹೋಗುವವರನ್ನು ಹೆದರಿಸುವ ಮಾತೊಂದಿದೆ: ‘ಕರೆಂಟ್ ಕೊಡಿಸಬೇಡಿ, ಕ್ಯಾನ್ಸರ್ ಹೆಚ್ಚಾಗುತ್ತದೆ.’ ಇದು ನಿಜವೇ?

ಈ ‘ಕರೆಂಟ್’ ವಿದ್ಯುತ್ ಅಲ್ಲ, ರೇಡಿಯೊಥೆರಪಿ. ಶಕ್ತಿಶಾಲಿ ಎಕ್ಸ್-ರೇ ಕಿರಣಗಳು ಗಡ್ಡೆಯ ಜೀವಕೋಶಗಳ ಡಿಎನ್ಎಯನ್ನು ಹಾಳುಮಾಡಿ ಅವನ್ನು ಸಾಯಿಸುತ್ತವೆ. ಇದರಿಂದ ಮುಂದೆ ಹೊಸ ಗಡ್ಡೆ ಬರುವುದು ಅಪರೂಪ. ಬಹುಪಾಲು ರೋಗಿಗಳಿಗೆ ಲಾಭವೇ ದೊಡ್ಡದು.

ಹಾಗಾದರೆ ಭಯಕ್ಕೆ ಆಧಾರವೇ ಇಲ್ಲವೇ? ಕೆಲವು ಕುಟುಂಬಗಳಲ್ಲಿ ಇದೆ. ಟಿಪಿ53 ಎಂಬ ಜೀನ್, ಡಿಎನ್ಎ ಹಾಳಾದ ಕೋಶ ಬೆಳೆಯದಂತೆ ತಡೆಯುವ ಕಾವಲುಗಾರ. 1969ರಲ್ಲಿ ಲಿ ಮತ್ತು ಫ್ರಾಮೆನಿ ಎಂಬ ವೈದ್ಯರು ಗುರುತಿಸಿದ ಲಿ-ಫ್ರಾಮೆನಿ ಸಿಂಡ್ರೋಮ್‌ನಲ್ಲಿ ಈ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇಂಥವರಲ್ಲಿ ಕಿರಣ ತಾಗಿದ ಜಾಗದಲ್ಲಿ ವರ್ಷಗಳ ನಂತರ ಮತ್ತೊಂದು ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಗೊರ್ಲಿನ್ ಸಿಂಡ್ರೋಮ್, ನ್ಯೂರೋಫೈಬ್ರೊಮಟೋಸಿಸ್ ಇರುವ ಮಕ್ಕಳಲ್ಲೂ ವೈದ್ಯರು ಸಾಧ್ಯವಾದಷ್ಟು ಶಸ್ತ್ರಚಿಕಿತ್ಸೆ, ಕೀಮೋಥೆರಪಿಯತ್ತ ನೋಡುತ್ತಾರೆ. ಆದರೂ ಜೀವ ಉಳಿಸಲು ಬೇರೆ ದಾರಿಯಿಲ್ಲದಿದ್ದರೆ ಕಿರಣ ಚಿಕಿತ್ಸೆ ಕೊಡುವುದುಂಟು.

ಮನೆಯವರು ಮಾಡಬೇಕಾದದ್ದೇನು? ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ತನ, ಮೂಳೆ, ಮೆದುಳಿನ ಕ್ಯಾನ್ಸರ್ ಬಂದವರಿದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಿ. ಮದುವೆ ಸಂಬಂಧ ತಪ್ಪೀತೆಂದು ಮುಚ್ಚಿಡಬೇಡಿ. ತಂದೆ ಅಥವಾ ತಾಯಿಯಲ್ಲಿ ಕೆಟ್ಟ ಜೀನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಅಗತ್ಯವಿದ್ದರೆ ರಕ್ತದ ಜೀನ್ ಪರೀಕ್ಷೆ ಮಾಡಿಸುತ್ತಾರೆ.

ಫಾರ್ವರ್ಡ್ ನೋಡಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಬಿಟ್ಟರೆ ಗಡ್ಡೆ ಮತ್ತೆ ಬೆಳೆಯಬಹುದು. ಅನುಮಾನವನ್ನು ನಿಮ್ಮ ವೈದ್ಯರನ್ನೇ ಕೇಳಿ.