ಅಕ್ಕ ತೀರಿಸಿದ ಸಾಲ

ವ್ಯಾಪಾರಸ್ಥರ ಮನೆಯಲ್ಲಿ ಯಜಮಾನ ತೀರಿಕೊಂಡರೆ ಮೊದಲು ತೆರೆಯುವುದು ಬಾಕಿ ವಹಿ. ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯ ತ್ರೆಗಿಯೆ ಎಂಬ ಊರಿನಲ್ಲಿ 1828ರಲ್ಲಿ ಹೀಗೇ ಆಯಿತು. ಹಡಗಿನ ಕಪ್ತಾನನೊಬ್ಬ ಸಮುದ್ರದ ಪಾಲಾದ. ಮನೆಯಲ್ಲಿ ಉಳಿದದ್ದು ಹೆಂಡತಿಯ ಕಿರಾಣಿ ಅಂಗಡಿ ಮತ್ತು ಸಾಲ. ಕಿರಿ ಮಗ ಎರ್ನೆಸ್ಟ್ ರೆನಾನ್‌ಗೆ ಆಗ 5 ವರ್ಷ, ಅಕ್ಕ ಆಂರಿಯೆತ್‌ಗೆ 17.

ಈ ರೆನಾನ್ ಮುಂದೆ ಧರ್ಮಗಳ ಇತಿಹಾಸ ಬರೆದು ಜಗತ್ಪ್ರಸಿದ್ಧರಾದರು. ಅದನ್ನು ಪಂಡಿತರು ಬರೆಯಲಿ. ನಮಗೆ ಬೇಕಾದ್ದು ಆ ಅಕ್ಕನ ಲೆಕ್ಕ.

ತಂದೆಯ ಸಾಲ ತನ್ನದೆಂದಳು ಆಕೆ. ಬಂದ ಸಂಬಂಧವನ್ನೂ ಬೇಡವೆಂದಳು. ಪ್ಯಾರಿಸ್ಸಿನಲ್ಲಿ ಪಾಠ ಹೇಳಿದಳು; ಸಾಲದಾಗ 1841ರಲ್ಲಿ ದೂರದ ಪೋಲೆಂಡಿಗೆ ಹೋಗಿ ಶ್ರೀಮಂತರ ಮಕ್ಕಳಿಗೆ ಶಿಕ್ಷಕಿಯಾಗಿ ಸುಮಾರು ಹತ್ತು ವರ್ಷ ದುಡಿದಳು. ಸಾಲ ತೀರಿತು. ನಮ್ಮ ಮನೆಗಳ ವಹಿಯಲ್ಲಿ ಮಗಳ ಹೆಸರು ಮದುವೆ ಖರ್ಚಿನ ಪುಟದಲ್ಲಿ ಮಾತ್ರ ಬರುತ್ತದೆ, ನಮ್ಮದರಲ್ಲೂ ಹಾಗೆಯೇ ಇದೆ.

ತಮ್ಮ ಪಾದ್ರಿಯಾಗಲು ಓದುತ್ತಿದ್ದ. ಹೀಬ್ರೂ ಕಲಿತು ಮೂಲಗ್ರಂಥ ನೋಡನೋಡುತ್ತ ನಂಬಿಕೆ ಸಡಿಲಿತು. ನಂಬದ್ದನ್ನು ಬೋಧಿಸುವುದು ಹೇಗೆ? ಬಿಟ್ಟರೆ ಹೊಟ್ಟೆಗೆ ದಾರಿಯಿಲ್ಲ, ತಾಯಿಗೆ ದುಃಖ. ಆಗ ಅಕ್ಕ ತನ್ನ ಉಳಿತಾಯದ 1,200 ಫ್ರಾಂಕ್ ಕಳಿಸಿದಳು, ಅವಸರದಲ್ಲಿ ಯಾವ ಕೆಲಸಕ್ಕೂ ಒಪ್ಪದಿರಲೆಂದು. 1845ರಲ್ಲಿ ಆತ ಮಠದ ಶಾಲೆ ಬಿಟ್ಟ. ಅವರ ತೀರ್ಮಾನಗಳನ್ನೆಲ್ಲ ನಾವು ಒಪ್ಪುವುದಿಲ್ಲ. ಆದರೆ ಒಳಗೊಂದು ಹೊರಗೊಂದು ಇಟ್ಟುಕೊಳ್ಳಲಿಲ್ಲವಲ್ಲ, ಅದಕ್ಕೆ ಕೈ ಮುಗಿಯುತ್ತೇವೆ.

1850ರಿಂದ ಪ್ಯಾರಿಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಮನೆ. ಆತ ಬರೆದದ್ದನ್ನು ಆಕೆ ತಿದ್ದುತ್ತಿದ್ದಳು. 1856ರಲ್ಲಿ ತಮ್ಮನ ಮದುವೆಯ ಮಾತು ಬಂದಾಗ ಅಕ್ಕನಿಗೆ ಬಹಳ ನೋವಾಯಿತು, ಸುಳ್ಳೇಕೆ ಹೇಳಬೇಕು. ಆತ ಸಂಬಂಧವನ್ನೇ ಬಿಟ್ಟ. ಮರುದಿನ ಅಕ್ಕನೇ ಹುಡುಗಿಯ ಹತ್ತಿರ ಹೋಗಿ ಮದುವೆ ಮಾಡಿಸಿದಳು.

1860ರಲ್ಲಿ ಶೋಧನೆಗೆಂದು ಲೆಬನಾನಿಗೆ ಹೋದರು. 'ಯೇಸುವಿನ ಜೀವನ' ಬರೆಯುತ್ತಿದ್ದಾಗ ಹಾಳೆ ಹಾಳೆಯನ್ನೂ ಅಕ್ಕ ಶುದ್ಧಪ್ರತಿ ಮಾಡಿದಳು. 1861ರ ಸೆಪ್ಟೆಂಬರಿನಲ್ಲಿ ಇಬ್ಬರಿಗೂ ಜ್ವರ ಬಂತು. ತಮ್ಮ ಎಚ್ಚರ ತಪ್ಪಿ ಮಲಗಿದ್ದಾಗಲೇ ಅಕ್ಕ ತೀರಿಕೊಂಡಳು. ಅಮ್ಶೀತ್ ಎಂಬ ಹಳ್ಳಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು.

1863ರಲ್ಲಿ ಆ ಪುಸ್ತಕ ಅಚ್ಚಾಗಿ ಯುರೋಪಿನಲ್ಲೆಲ್ಲ ಗದ್ದಲವೆಬ್ಬಿಸಿತು. ಅದರ ಅರ್ಪಣೆ ಅಕ್ಕನಿಗೇ. ಅದಕ್ಕೂ ಮೊದಲು, 1862ರಲ್ಲಿ, ಅಕ್ಕನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದು ನೂರೇ ಪ್ರತಿ ಹಾಕಿಸಿ, ಆಕೆಯನ್ನು ಬಲ್ಲವರಿಗೆ ಕೊಟ್ಟರು. ತಾವು ಬದುಕಿರುವವರೆಗೆ ಅದನ್ನು ಮಾರಾಟಕ್ಕೆ ಇಡಲಿಲ್ಲ.