ಈ ಗಾಯ ಆಕಸ್ಮಿಕವಲ್ಲ

ಅರ್ಜಿ ಫಾರಂಗಳಲ್ಲಿ 'ಗುರುತಿನ ಚಿಹ್ನೆ' ಅಂತ ಒಂದು ಕಾಲಂ ಇರುತ್ತದೆ. ನಮ್ಮ ಕೇರಿಯ ಹಿರಿಯರು ಅದಕ್ಕೆ ಯೋಚನೆ ಮಾಡುವುದೇ ಇಲ್ಲ. ಎಡಗೆನ್ನೆಯ ಮೇಲೆ ಗಾಯದ ಕಲೆ. ಗದ್ದದ ಕೆಳಗೆ ಗಾಯದ ಕಲೆ. ಬಲಗಿವಿಯ ತುದಿ ಕೊಯ್ದ ಗುರುತು. ಗುಮಾಸ್ತ ಬರೆದುಕೊಳ್ಳುತ್ತಾನೆ. ಇದು ಹೆಂಗಾಯ್ತು ಅಂತ ಕೇಳೋ ಕಾಲಂ ಯಾವ ಫಾರಮ್ಮಿನಲ್ಲೂ ಇಲ್ಲ. ಆದ್ದರಿಂದ ನಾವೇ ಹೇಳುತ್ತೇವೆ, ಕೇಳಿ.

ಊರಿನ ಕ್ಷೌರಿಕ ನಮ್ಮ ಕೇರಿಗೆ ಕಾಲಿಡುತ್ತಿರಲಿಲ್ಲ. ಅವನ ಜಗುಲಿಗೆ ನಾವು ಕಾಲಿಡುವಂತಿರಲಿಲ್ಲ. ಹಾಗಾಗಿ ಕೇರಿಗೆಲ್ಲ ಒಂದು ಕತ್ತಿ. ಭಾನುವಾರ ಹುಣಸೆ ಮರದ ಕೆಳಗೆ, ಒಡೆದ ಕನ್ನಡಿ ಚೂರನ್ನು ಕೊಂಬೆಗೆ ಸಿಕ್ಕಿಸಿ, ಬಟ್ಟೆ ಸೋಪು ಉಜ್ಜಿಕೊಂಡು ಕೂರುತ್ತಿದ್ದರು. ಬೆಳಿಗ್ಗೆಯಿಂದ ಗೌಡರ ಗದ್ದೆಯಲ್ಲಿ ಗುದ್ದಲಿ ಹಿಡಿದ ಕೈ ಅದೇ ಬಿಗಿಯಲ್ಲಿ ಕತ್ತಿ ಹಿಡಿಯುತ್ತಿತ್ತು. ನೆತ್ತರು ಬಂದರೆ ಪಟಿಕದ ಹರಳು. ಪಟಿಕ ಇಲ್ಲದ ದಿನ ಒಲೆಯ ಬೂದಿ. ಒಬ್ಬನ ನೆತ್ತರು ಅಂಟಿದ ಕತ್ತಿಯೇ ಇನ್ನೊಬ್ಬನ ಕೆನ್ನೆಗೆ. ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗ ಹೀಗೆ ಒಂದೇ ಕತ್ತಿಯಿಂದ ಹಲವರಿಗೆ ಹತ್ತುತ್ತದೆ ಎಂದು ನಾವು ಓದಿ ತಿಳಿದದ್ದು ಆಮೇಲೆ.

ಓದಿದವರು ಇದಕ್ಕೆ 'ಆಕಸ್ಮಿಕ ಗಾಯ' ಅಂತಾರೆ. ಕತ್ತಿ ಜಾರಿತು, ಕೊಯ್ದಿತು, ಅಷ್ಟೇ ಅಂತಾರೆ. ಹಾಗಾದರೆ ಕತ್ತಿ ಯಾಕೆ ಜಾರುತ್ತದೆ ಅನ್ನುವುದನ್ನೂ ನೋಡೋಣ. ಅಲಗನ್ನು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಹೆಚ್ಚು ನೆಟ್ಟಗಾದರೆ ತೊಗಲು ಹೆರೆಯುತ್ತದೆ. ಎಡಗೈಯಲ್ಲಿ ತೊಗಲನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಕತ್ತಿಯನ್ನು ಅಡ್ಡಕ್ಕೆ ಸರಿಸಿದರೆ ಮುಗಿಯಿತು, ಹಣ್ಣು ಕೊಯ್ದಂತೆ ಕೊಯ್ಯುತ್ತದೆ. ಕೆನ್ನೆಯ ಕೂದಲು ಬೆಳೆಯುವ ದಿಕ್ಕೇ ಬೇರೆ, ಗಂಟಲ ಕೂದಲಿನ ದಿಕ್ಕೇ ಬೇರೆ. ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಅಪಾಯ, ಯಾಕೆಂದರೆ ಮೊಂಡಾದಷ್ಟೂ ಕೈ ಒತ್ತುತ್ತದೆ. ಕ್ಷೌರಿಕನ ಮಗ ಇದನ್ನು ಅಪ್ಪನ ಪಕ್ಕ ಕೂತು ವರ್ಷಗಟ್ಟಲೆ ಕಲಿಯುತ್ತಾನೆ. ನಮ್ಮಪ್ಪ ತನ್ನ ಗಂಟಲ ಮೇಲೆ ಕಲಿತ. ಈ ಕಸುಬನ್ನು ಬಲ್ಲ ಮನುಷ್ಯ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೂತು ಗೌಡರ ಗಡ್ಡ ಕೆರೆಯುತ್ತಿದ್ದ. ಹೇಳಿ ಸ್ವಾಮಿ, ಇದರಲ್ಲಿ ಆಕಸ್ಮಿಕ ಯಾವುದು?

ಇನ್ನೊಂದು ಮಾತು. ಆ ಕ್ಷೌರಿಕನ ಕತ್ತಿಗೆ ಹರಿತ ಬಂದದ್ದು ಯಾವುದರಿಂದ? ಕಲ್ಲಿನ ಮೇಲೆ ಮಸೆದ ಮೇಲೆ ತೊಗಲಪಟ್ಟಿಯ ಮೇಲೆ ಎಳೆದೆಳೆದು ನಯ ಮಾಡುತ್ತಾರೆ. ಆ ತೊಗಲು ಸುಲಿದವರು ಯಾರು? ಸುಣ್ಣದಲ್ಲಿ ನೆನೆಸಿ, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡಿದವರು ಯಾರು? ನಾವು ಹದ ಮಾಡಿದ ತೊಗಲು ದಿನಕ್ಕೆ ನೂರು ಸಲ ಕತ್ತಿಯನ್ನು ಮುಟ್ಟಬಹುದು. ಆ ಕತ್ತಿ ಒಂದು ಸಲ ನಮ್ಮ ಕೆನ್ನೆ ಮುಟ್ಟಿದರೆ ಊರು ಮೈಲಿಗೆ!

ಸಾತಾರದಲ್ಲಿ ಒಬ್ಬ ಹುಡುಗನಿದ್ದ. ಊರ ತುಂಬ ಕ್ಷೌರಿಕರಿದ್ದರೂ ಯಾರೂ ಅವನ ತಲೆ ಮುಟ್ಟುತ್ತಿರಲಿಲ್ಲ. ಅಕ್ಕನೇ ಕೂರಿಸಿಕೊಂಡು ಕೂದಲು ಕತ್ತರಿಸುತ್ತಿದ್ದಳು. ಆ ಹುಡುಗ ಭೀಮರಾವ್. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ 'ಅಂಗಡಿ' ಅಂದರೆ ಏನೇನು ಎಂಬ ಪ್ರಶ್ನೆ ಎದ್ದಾಗ ಉತ್ತರ ಹೇಳಲು ನಿಂತವರು ಅವರೇ. ಸೇವೆ ಬೇಡಿ ಬಂದ ಯಾರಿಗೇ ಆಗಲಿ, ಸೇವೆ ಕೊಡಲು ಮಾಲೀಕ ಸಿದ್ಧನಿರುವ ಜಾಗವೇ ಅಂಗಡಿ ಎಂಬರ್ಥದಲ್ಲಿ ಬಾಬಾಸಾಹೇಬರು ವಿವರಿಸಿದರು. ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಯೂ ಅದೇ ದಿನ ಸಭೆಯ ಒಪ್ಪಿಗೆ ಪಡೆಯಿತು. 1955ರಲ್ಲಿ ಕಾಯ್ದೆ ಬಂತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ ಅಪರಾಧ ಅಂತ ಅದರ 6ನೇ ಕಲಂ ಹೇಳುತ್ತದೆ. ಕಾಗದದ ಮೇಲೆ ಕುರ್ಚಿ ಅಂದೇ ಖಾಲಿಯಾಗಿದೆ. ಊರಲ್ಲಿ ಆಗಿಲ್ಲ.

'ಅದೆಲ್ಲ ಹಳೇ ಕಾಲದ್ದು ಕಣ್ರೀ' ಅನ್ನುವವರಿದ್ದಾರೆ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ದಲಿತರಿಗೂ ಕ್ಷೌರ ಮಾಡಿದ್ದಕ್ಕೆ ತನಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ್ದಾರೆ ಎಂದು ಕ್ಷೌರಿಕನೇ ಅಧಿಕಾರಿಗಳ ಬಾಗಿಲು ತಟ್ಟಿದ. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಲು ಹೋದ ದಲಿತ ಯುವಕ ಜಗಳದಲ್ಲಿ ಕತ್ತರಿಯ ಇರಿತಕ್ಕೆ ಸತ್ತ. ಕ್ಷೌರಿಕ ಕೊಲೆ ಆರೋಪದ ಮೇಲೆ ಜೈಲು ಸೇರಿದ. ಒಂದು ಕಡೆ ಮುಟ್ಟಿದವನಿಗೆ ದಂಡ. ಇನ್ನೊಂದು ಕಡೆ ಮುಟ್ಟು ಎಂದವನಿಗೆ ಸಾವು. ಎರಡು ಕಡೆಯೂ ಊರಿನ ದೊಡ್ಡವರ ಬಿಳಿ ಪಂಚೆಗೆ ಒಂದು ತೊಟ್ಟು ನೆತ್ತರೂ ತಾಗಲಿಲ್ಲ.

ಇನ್ನೂ ಕೆಲವರು, 'ಬಸ್ಸು ಹತ್ತಿ ಪೇಟೆಗೆ ಹೋಗಿ, ಅಲ್ಲಿ ಯಾರು ಕೇಳ್ತಾರೆ?' ಅಂತಾರೆ. ಹೋದೆವು. ಹಾಸ್ಟೆಲ್ ಸೇರಿದ ವರ್ಷ ಮೊದಲ ಸಲ ಸೆಲೂನಿನ ಕುರ್ಚಿಯಲ್ಲಿ ಕೂತೆವು. ಬೇರೊಬ್ಬರ ಬೆರಳು ನಮ್ಮ ಗದ್ದ ಹಿಡಿದೆತ್ತಿದಾಗ ಮೈ ನಡುಗಿತು. ನೊರೆ ಹಚ್ಚಿದ ಮೇಲೆ ಅವನು ಕೇಳಿದ, 'ಯಾವೂರಣ್ಣ? ಯಾರ ಪೈಕಿ?' ಕತ್ತಿ ಗಂಟಲ ಮೇಲಿತ್ತು. ನಾವು ಸುಳ್ಳು ಹೇಳಿದೆವು. ಡಿಗ್ರಿ ಓದಲು ಬಂದವರು ಒಂದು ಶೇವಿಂಗಿಗಾಗಿ ಅಪ್ಪನ ಹೆಸರು ಬದಲಾಯಿಸಿದೆವು. ಅವತ್ತು ಕೆನ್ನೆ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ. ಆದರೂ ನಮ್ಮ ಬಾಳಿನಲ್ಲಿ ಅಷ್ಟು ಆಳವಾದ ಗಾಯ ಇನ್ನೊಂದಿಲ್ಲ.

ಈಗ ಮೈಲಿಗೆಯ ನೆಪವೂ ಉಳಿದಿಲ್ಲ. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂದಿದೆ. ಒಬ್ಬ ಗಿರಾಕಿಗೆ ಒಂದು ಬ್ಲೇಡು, ಕೆಲಸ ಮುಗಿದರೆ ಕಸದ ಡಬ್ಬಿಗೆ. ನಮ್ಮನ್ನು ಮುಟ್ಟಿದ ಅಲಗು ಗೌಡರ ಕೆನ್ನೆ ಮುಟ್ಟುವುದೇ ಇಲ್ಲ. ಆದರೂ ಕುರ್ಚಿ ಇಲ್ಲ. ಅಂದ ಮೇಲೆ ಅವರಿಗೆ ಬೇಕಾದದ್ದು ಶುದ್ಧವಾದ ಕತ್ತಿಯಲ್ಲ. ಅದೇ ಕುರ್ಚಿಯಲ್ಲಿ ನಾವು ಒರಗಿ ಕೂರುವುದನ್ನು ಅವರು ನೋಡಲಾರರು.

ಕ್ಷೌರಿಕ ಅಣ್ಣಂದಿರಿಗೂ ಎರಡು ಮಾತು. ನೀವು ನಮ್ಮ ಶತ್ರುಗಳಲ್ಲ. ಆಯಗಾರಿಕೆಯ ಕಾಲದಲ್ಲಿ ಒಂದೇ ಕಣದ ಮೂಲೆಯಲ್ಲಿ ನಿಂತು ಆಯ ಎತ್ತಿಕೊಂಡವರು ನಾವಿಬ್ಬರೂ. ನಿಮ್ಮ ಜಾತಿಯ ಹೆಸರನ್ನೂ ಅವರು ಬೈಗುಳ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಎದ್ದು ನಿಮ್ಮ ಮುಖ ಕಂಡರೆ ಅಪಶಕುನ ಎಂದವರ ಗದ್ದವನ್ನೇ ನೀವು ಹಿಡಿದು ಕೂತಿದ್ದೀರಿ. ಹುಡುಗಿಯರಿಗೆ ಗಂಡ ಸತ್ತರೆ ತಲೆ ಬೋಳಿಸಲು ಇದೇ ಕತ್ತಿಯನ್ನು ಕರೆಸುತ್ತಿದ್ದರು. 1890ರಲ್ಲಿ ಮುಂಬೈಯಲ್ಲಿ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ ಕರೆದ ಸಭೆಯಲ್ಲಿ ಕ್ಷೌರಿಕರು ಒಟ್ಟಾಗಿ, ಇನ್ನು ವಿಧವೆಯರ ತಲೆಗೆ ಕತ್ತಿ ಹಾಕುವುದಿಲ್ಲ ಎಂದರು. 'ಆಗೋದಿಲ್ಲ' ಅನ್ನುವ ಮಾತು ನಿಮ್ಮ ಬಾಯಲ್ಲಿ ಇದೆ. ಅದನ್ನು ಕೇರಿಯ ಕಡೆ ತಿರುಗಿ ಹೇಳುತ್ತಿದ್ದೀರಿ. ಒಮ್ಮೆ ಗೌಡರ ಕಡೆ ತಿರುಗಿ ಹೇಳಿ ನೋಡಿ.

ನಾವೂ ಎದೆ ಮುಟ್ಟಿ ನೋಡಿಕೊಳ್ಳಬೇಕು. ಹೊಲಗೇರಿಗೊಂದು ಕತ್ತಿ, ಮಾದಿಗರ ಹಟ್ಟಿಗೊಂದು ಕತ್ತಿ ಇಟ್ಟುಕೊಂಡವರು ನಾವೇ. ಊರಿನವರು ನಮಗೆ ಹೇಳಿದ್ದನ್ನೇ ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅದನ್ನು ಮುಚ್ಚಿಟ್ಟು ಸಮಾನತೆ ಅಂತ ಕೂಗಿದರೆ ಗಂಟಲು ಮಾತ್ರ ಒಣಗುತ್ತದೆ.

ಗೆಳೆಯರೇ, ಭಾನುವಾರ ಬೆಳಿಗ್ಗೆ ಪೇಟೆಯ ಬಸ್ಸು ಹತ್ತಬೇಡಿ. ಹೊಲಗೇರಿ, ಮಾದಿಗರ ಹಟ್ಟಿ ಎರಡೂ ಸೇರಿ ನಿಮ್ಮೂರಿನ ಅಂಗಡಿಗೇ ಹೋಗಿ. ಒಬ್ಬರೇ ಹೋಗಬೇಡಿ, ಅಪ್ಪನನ್ನೂ ಕರಕೊಂಡು ಹೋಗಿ. ಕೇಳಿದರೆ ಅಪ್ಪನ ನಿಜವಾದ ಹೆಸರು ಹೇಳಿ. ಕುರ್ಚಿ ಕೊಟ್ಟ ಅಣ್ಣನಿಗೆ ಊರು ದಂಡ ಹಾಕಿದರೆ ಅವನ ಜೊತೆ ಠಾಣೆಗೆ ನಡೆಯಿರಿ. ಕೊಡದಿದ್ದರೆ 6ನೇ ಕಲಂ ಇದೆ, ದೂರು ಬರೆಯಲು ನಮ್ಮ ಓದು ಇದೆ.

ಅಪ್ಪ ಆ ಕುರ್ಚಿಯಲ್ಲಿ ಕಾಲು ಚಾಚಿ ಕೂರಲಿ. ಅವನ ಹಳೆಯ ಕಲೆಗಳ ಮೇಲೆ ನೊರೆ ಹತ್ತಲಿ. ಅವತ್ತು ಕ್ಷೌರಿಕನ ಕೈ ಜಾರಿ ಗದ್ದದಲ್ಲಿ ಒಂದು ತೊಟ್ಟು ನೆತ್ತರು ಬಂದರೆ, ಅವನು 'ತಪ್ಪಾಯ್ತು ಕಣಣ್ಣ' ಅಂತ ಪಟಿಕ ಒತ್ತಿದರೆ, ಅಪ್ಪ ನಗಲಿ. ಆ ಗಾಯವನ್ನು ನಾವೂ ಆಕಸ್ಮಿಕ ಅನ್ನುತ್ತೇವೆ.